ಮನೆಚಿತ್ರದ ಅಂಚಿನಲ್ಲಿ ಊರಿನ ಚರಿತ್ರೆ

ಒಂದು ಊರಿನ ಚರಿತ್ರೆಯನ್ನು ಬರೆಯಲು ಹೊರಟವರು ಆಶ್ರಯಿಸುವ ಆಕರಗಳು ಹೆಚ್ಚುಕಡಿಮೆ ನಿಶ್ಚಿತವಾದವು: ಶಾಸನ, ಕಡತ, ಕೈಫಿಯತ್ತು, ಗೆಜೆಟಿಯರ್, ಪುರಸಭೆಯ ದಾಖಲೆ, ಹಳೆಯ ಪತ್ರಿಕೆ. ಇಪ್ಪತ್ತನೆಯ ಶತಮಾನದ ನಗರಗಳ ಮಟ್ಟಿಗೆ ಈ ಸಾಲಿಗೆ ಮತ್ತೊಂದು ಆಕರ ತಡವಾಗಿ ಬಂದು ಸೇರಿದೆ. ಅದು ಚರಿತ್ರಕಾರನಿಗಾಗಿ ಸಿದ್ಧವಾದುದಲ್ಲ. ಚಿತ್ರಮಂದಿರದ ಪ್ರೇಕ್ಷಕರಿಗಾಗಿ ತಯಾರಾದುದೂ ಅಲ್ಲ. ಮಗುವಿನ ಹುಟ್ಟುಹಬ್ಬ, ತಂಗಿಯ ಮದುವೆ, ರಜೆಯ ಪ್ರವಾಸ ಮುಂತಾದವನ್ನು ಮನೆಯ ಯಾರೋ ಒಬ್ಬರು ಚಿಕ್ಕ ಕ್ಯಾಮೆರಾದಲ್ಲಿ ಹಿಡಿದು, ಮನೆಯವರೇ ಕೂಡಿ ನೋಡಿ, ಆಮೇಲೆ ಅಟ್ಟಕ್ಕೆ ಸೇರಿಸಿದ ಚಿತ್ರಸುರುಳಿಯದು. ಹೋಮ್ ಮೂವಿ ಎಂದು ಪ್ರಸಿದ್ಧವಾಗಿರುವ ಇದನ್ನು ಕನ್ನಡದಲ್ಲಿ ಮನೆಚಿತ್ರ ಎನ್ನಬಹುದು.

ಇಷ್ಟು ಖಾಸಗಿಯಾದ ವಸ್ತು ಒಂದು ನಗರದ ದಾಖಲೆಯಾಗುವುದು ಹೇಗೆ? ಇದಕ್ಕೆ ಉತ್ತರ ಕನ್ನಡ ವಿದ್ಯಾರ್ಥಿಗೆ ಪರಿಚಿತವಾದ ಶಾಸನಾಧ್ಯಯನದಲ್ಲೇ ಇದೆ. ದಾನಶಾಸನವನ್ನು ಬರೆಸಿದವನ ಉದ್ದೇಶ ದತ್ತಿಯನ್ನು ಸ್ಥಿರಪಡಿಸುವುದು. ಆದರೆ ದತ್ತಿಭೂಮಿಯ ಎಲ್ಲೆಯನ್ನು ಹೇಳುವಾಗ ಶಾಸನವು ಕೆರೆಯನ್ನು, ಹಳ್ಳವನ್ನು, ಮರವನ್ನು, ನೆರೆಯ ಊರನ್ನು ಹೆಸರಿಸುತ್ತದೆ. ಭೂಮಿಯನ್ನು ಅಳೆದ ಕೋಲನ್ನೂ ಬಿಟ್ಟುಕೊಟ್ಟ ಸುಂಕವನ್ನೂ ತಿಳಿಸುತ್ತದೆ. ದಾನಿಗೆ ಗೌಣವಾಗಿದ್ದ ಈ ವಿವರಗಳೇ ವಿದ್ವಾಂಸನಿಗೆ ಮುಖ್ಯವಾಗುತ್ತವೆ. ಮನೆಚಿತ್ರದ ರೀತಿಯೂ ಇದೇ. ತಂದೆ ಹಿಡಿಯಹೊರಟದ್ದು ಮಗಳ ಮೊದಲ ಹೆಜ್ಜೆಗಳನ್ನು. ಅವಳ ಹಿಂದೆ ಹಾದುಹೋದ ಟ್ರಾಮು, ಎದುರಿನ ಅಂಗಡಿಯ ಫಲಕ, ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆ, ಬೀದಿಯ ತುದಿಯ ಖಾಲಿ ನಿವೇಶನ ಇವೆಲ್ಲ ಕರೆಯದೆ ಬಂದು ಚಿತ್ರದಲ್ಲಿ ಕುಳಿತವು. ಮನೆಯವರ ಪಾಲಿಗೆ ಚೌಕಟ್ಟಿನ ನಡುವೆ ಇರುವುದು ಮುಖ್ಯ. ಊರಿನ ಪಾಲಿಗೆ ಅಂಚಿನಲ್ಲಿರುವುದು ಮುಖ್ಯ.

ಕ್ಯಾಮೆರಾ ಮನೆಗೆ ಬಂದ ಬಗೆ

ಚಲನಚಿತ್ರದ ಮೊದಲ ದಶಕಗಳಲ್ಲಿ ಬಳಕೆಯಲ್ಲಿದ್ದುದು 35 ಎಂ.ಎಂ. ಅಗಲದ ನೈಟ್ರೇಟ್ ಫಿಲ್ಮು. ಅದು ದುಬಾರಿ, ಮೇಲಾಗಿ ಸುಲಭವಾಗಿ ಹೊತ್ತಿಕೊಳ್ಳುವಂಥದು. ಮನೆಯೊಳಗೆ ಇಡಲು ಅದು ತಕ್ಕುದಾಗಿರಲಿಲ್ಲ. 1922ರಲ್ಲಿ ಫ್ರಾನ್ಸಿನ ಪಾಥೆ ಸಂಸ್ಥೆ 9.5 ಎಂ.ಎಂ. ಫಿಲ್ಮನ್ನೂ, 1923ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆ 16 ಎಂ.ಎಂ. ಫಿಲ್ಮು ಮತ್ತು ಅದಕ್ಕೊಪ್ಪುವ ಕ್ಯಾಮೆರಾವನ್ನೂ ಮಾರುಕಟ್ಟೆಗೆ ತಂದವು. ಕೊಡಾಕ್‌ನ ಈ ಫಿಲ್ಮಿನ ತಳಪದರ ಅಸಿಟೇಟಿನದು. ಬೆಂಕಿಯ ಭಯ ಅದರಿಂದ ಬಹುಮಟ್ಟಿಗೆ ನೀಗಿತು. ಆದರೂ ಸಾಮಾನ್ಯ ಸಂಸಾರಕ್ಕೆ ಅದು ಎಟುಕುವಂತಿರಲಿಲ್ಲ. ಆರ್ಥಿಕ ಮುಗ್ಗಟ್ಟಿನ ನಡುವೆ, 1932ರಲ್ಲಿ, ಬಂದ 8 ಎಂ.ಎಂ. ಫಿಲ್ಮು ಖರ್ಚನ್ನು ತಗ್ಗಿಸಿತು. 1935ರಲ್ಲಿ ಕೊಡಾಕ್ರೋಮ್ ಬಣ್ಣವನ್ನು ತಂದಿತು. 1965ರಲ್ಲಿ ಬಂದ ಸೂಪರ್ 8, ಡಬ್ಬಿಯನ್ನು ತುರುಕಿದರೆ ಸಾಕು, ಯಾರಾದರೂ ಚಿತ್ರ ತೆಗೆಯಬಹುದು ಎನ್ನುವಷ್ಟು ಕೆಲಸವನ್ನು ಸುಲಭಗೊಳಿಸಿತು. 1980ರ ದಶಕದಲ್ಲಿ ವಿಡಿಯೋ ಕ್ಯಾಮೆರಾ ಈ ಸ್ಥಾನವನ್ನು ಆಕ್ರಮಿಸಿತು.

ಈ ತಾಂತ್ರಿಕ ಹಿನ್ನೆಲೆಯ ಎರಡು ಅಂಶಗಳು ಮನೆಚಿತ್ರದ ಸ್ವರೂಪವನ್ನು ನಿರ್ಧರಿಸಿವೆ. ಮೊದಲನೆಯದಾಗಿ, 100 ಅಡಿಯ 16 ಎಂ.ಎಂ. ಸುರುಳಿ ಓಡುತ್ತಿದ್ದುದು ಸುಮಾರು 4 ನಿಮಿಷ ಮಾತ್ರ. ಆದ್ದರಿಂದ ತೆಗೆಯುವವರು ಕೆಲವೇ ಕ್ಷಣಗಳ ತುಣುಕುಗಳಾಗಿ ತೆಗೆದರು. ಒಂದೇ ಸುರುಳಿಯಲ್ಲಿ ಕ್ರಿಸ್‌ಮಸ್, ವಸಂತ, ಬೇಸಿಗೆ ಮೂರೂ ಇರುವುದುಂಟು. ಎರಡನೆಯದಾಗಿ, ಈ ಫಿಲ್ಮುಗಳಲ್ಲಿ ನೆಗೆಟಿವ್ ಎಂಬುದು ಬೇರೆ ಇರುತ್ತಿರಲಿಲ್ಲ. ಕ್ಯಾಮೆರಾದೊಳಗೆ ಓಡಿದ ಫಿಲ್ಮನ್ನೇ ಸಂಸ್ಕರಿಸಿ ಪ್ರೊಜೆಕ್ಟರಿಗೆ ಏರಿಸುತ್ತಿದ್ದರು. ಎಂದರೆ ಪ್ರತಿಯೊಂದು ಮನೆಚಿತ್ರವೂ ಏಕಮಾತ್ರ ಪ್ರತಿ. ಒಂದೇ ಓಲೆಪ್ರತಿಯಲ್ಲಿ ಉಳಿದ ಕಾವ್ಯದ ಸ್ಥಿತಿ ಏನೋ, ಇದರ ಸ್ಥಿತಿಯೂ ಅದೇ: ಹೋದರೆ ಮತ್ತೊಂದಿಲ್ಲ.

ಒಂದು ನಗರದ ನಿದರ್ಶನ

ಮನೆಚಿತ್ರಗಳನ್ನು ನಗರದ ಚರಿತ್ರೆಯಾಗಿ ಓದುವ ಪ್ರಯತ್ನಕ್ಕೆ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ಒಳ್ಳೆಯ ನಿದರ್ಶನ. ರಿಕ್ ಪ್ರೆಲಿಂಗರ್ ಎಂಬ ಸಂಗ್ರಾಹಕರು 1980ರ ದಶಕದಿಂದ ಯಾರೂ ಲೆಕ್ಕಕ್ಕೆ ಹಿಡಿಯದ ಚಿತ್ರಗಳನ್ನು, ಅಂದರೆ ಜಾಹೀರಾತು, ಶಾಲಾಪಾಠ, ಕಾರ್ಖಾನೆಯ ತರಬೇತಿ ಚಿತ್ರಗಳನ್ನು ಕೂಡಿಹಾಕಿದರು. ಆ ಸಂಗ್ರಹವನ್ನು 2002ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪಡೆದುಕೊಂಡಿತು. ಮುಂದೆ ಅವರ ಗಮನ ಹೆಚ್ಚಾಗಿ ಹರಿದುದು ಮನೆಚಿತ್ರಗಳ ಕಡೆಗೆ. 2006ರಿಂದ ಅವರು ಸ್ಯಾನ್ ಫ್ರಾನ್ಸಿಸ್ಕೊ ನಗರದ ಹಳೆಯ ತುಣುಕುಗಳನ್ನು ಜೋಡಿಸಿ ವರ್ಷಕ್ಕೊಂದು ಪ್ರದರ್ಶನವನ್ನು ನಡೆಸುತ್ತ ಬಂದರು. ‘ಲಾಸ್ಟ್ ಲ್ಯಾಂಡ್‌ಸ್ಕೇಪ್ಸ್’ ಎಂಬುದು ಅದರ ಹೆಸರು. ಕಳೆದುಹೋದ ನೆಲನೋಟಗಳು ಎಂದು ಅದರ ಅರ್ಥ. ಡೆಟ್ರಾಯಿಟ್, ಲಾಸ್ ಏಂಜಲಿಸ್ ಮೊದಲಾದ ನಗರಗಳ ಬಗೆಗೂ ಇಂಥ ಪ್ರದರ್ಶನಗಳು ನಡೆದಿವೆ.

ಆ ನಗರದ ರೂಪ ಒಂದೇ ತಲೆಮಾರಿನೊಳಗೆ ಹಲವು ಸಲ ಬದಲಾಯಿತು. 1936ರಲ್ಲಿ ಬೇ ಸೇತುವೆಯೂ 1937ರಲ್ಲಿ ಗೋಲ್ಡನ್ ಗೇಟ್ ಸೇತುವೆಯೂ ತೆರೆದವು. ಅವುಗಳಿಗೆ ಮೊದಲು ನಗರದಿಂದ ಕೊಲ್ಲಿಯನ್ನು ದಾಟಲು ಬಹುಮಟ್ಟಿಗೆ ಹಡಗೇ ಗತಿಯಾಗಿತ್ತು. ಬೇ ಸೇತುವೆಯ ಕೆಳ ಅಂತಸ್ತಿನಲ್ಲಿ 1939ರಿಂದ 1958ರ ವರೆಗೆ ವಿದ್ಯುತ್ ರೈಲು ಓಡಿತು ಎಂಬುದು ಇಂದು ಅದರ ಮೇಲೆ ಕಾರಿನಲ್ಲಿ ಹೋಗುವವರಿಗೆ ಹೊಳೆಯಲಾರದು. 1896ರಲ್ಲಿ ಆರಂಭವಾದ ಸೂತ್ರೊ ಸ್ನಾನಗೃಹ 1966ರಲ್ಲಿ ಸುಟ್ಟುಹೋಯಿತು. ಕಡಲತೀರದ ಪ್ಲೇಲ್ಯಾಂಡ್ ಎಂಬ ವಿನೋದೋದ್ಯಾನ 1972ರಲ್ಲಿ ಮುಚ್ಚಿತು. ಬಂದರಿನ ಅಂಚಿಗೆ 1959ರಲ್ಲಿ ಎದ್ದ ಎಂಬಾರ್ಕಡೆರೊ ಎಂಬ ಎರಡಂತಸ್ತಿನ ಮೇಲ್ಸೇತುವೆ ನಗರಕ್ಕೂ ನೀರಿಗೂ ನಡುವೆ ಗೋಡೆಯಂತೆ ನಿಂತಿತು. 1989ರ ಭೂಕಂಪದಲ್ಲಿ ಜಖಂಗೊಂಡ ಮೇಲೆ 1991ರಲ್ಲಿ ಅದನ್ನು ಕೆಡವಿದರು.

ಈ ವಿವರಗಳನ್ನು ಪುಸ್ತಕದಿಂದಲೂ ತಿಳಿಯಬಹುದು. ಮನೆಚಿತ್ರದಲ್ಲಿ ತಿಳಿಯುವುದು ಬೇರೆ. ಸೇತುವೆಯ ಉದ್ಘಾಟನೆಯನ್ನು ಸುದ್ದಿಚಿತ್ರದವರೂ ತೆಗೆದರು. ಅವರ ಕ್ಯಾಮೆರಾ ಗಣ್ಯರತ್ತ ತಿರುಗಿತ್ತು. ಸೇತುವೆಯನ್ನು ನೋಡಲು ಮಕ್ಕಳೊಡನೆ ಬಂದವನ ಕ್ಯಾಮೆರಾ ಜನರ ನಡುವೆಯೇ ನಿಂತಿತು. ಜನ ಯಾವ ಉಡುಪಿನಲ್ಲಿ ಹೊರಬರುತ್ತಿದ್ದರು, ರಸ್ತೆಯನ್ನು ಹೇಗೆ ದಾಟುತ್ತಿದ್ದರು, ಮಕ್ಕಳು ಎಲ್ಲಿ ಆಡುತ್ತಿದ್ದರು, ಹಿತ್ತಿಲಲ್ಲಿ ಏನು ಬೆಳೆಯುತ್ತಿತ್ತು ಎಂಬಂಥ ಸಂಗತಿಗಳನ್ನು ಅಂದಿನವರು ಬರೆದಿಡಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆದಿಡುವುದಿಲ್ಲ.

ಕಾಲನಿರ್ಣಯ

ಮನೆಚಿತ್ರದ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ. ‘ಅಮ್ಮ, ಕಡಲತೀರ’ ಎಂಬಷ್ಟೇ ಬರಹ ಡಬ್ಬಿಯ ಮೇಲಿದ್ದರೆ ಅದೇ ಭಾಗ್ಯ. ಆಗ ಒಳಗಿನ ಮತ್ತು ಹೊರಗಿನ ಸಾಕ್ಷ್ಯಗಳೆರಡನ್ನೂ ಕೂಡಿಸಿ ಕಾಲವನ್ನು ನಿರ್ಣಯಿಸಬೇಕಾಗುತ್ತದೆ.

ಹೊರಗಿನ ಸಾಕ್ಷ್ಯದಲ್ಲಿ ಮುಖ್ಯವಾದುದು ಫಿಲ್ಮಿನ ಅಂಚಿನ ಗುರುತು. ಕೊಡಾಕ್ ಸಂಸ್ಥೆ ತಾನು ತಯಾರಿಸಿದ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳಂಥ ಚಿಹ್ನೆಗಳನ್ನು ಮುದ್ರಿಸುತ್ತಿತ್ತು. ಅವುಗಳ ಜೋಡಣೆಯಿಂದ ತಯಾರಿಕೆಯ ವರ್ಷ ತಿಳಿಯುತ್ತದೆ. ಆದರೆ ಈ ಚಿಹ್ನೆಗಳು 20 ವರ್ಷಗಳಿಗೊಮ್ಮೆ ಮರುಕಳಿಸುತ್ತಿದ್ದವು. ಶಕವರ್ಷವನ್ನು ಹೇಳದೆ ಸಂವತ್ಸರದ ಹೆಸರನ್ನಷ್ಟೇ ಹೇಳುವ ಶಾಸನದಲ್ಲಿ 60 ವರ್ಷಗಳ ಚಕ್ರದಿಂದ ಹುಟ್ಟುವ ತೊಡಕೇ ಇಲ್ಲಿಯೂ ಹುಟ್ಟುತ್ತದೆ. ಒಂದೇ ಚಿಹ್ನೆ 1927ನ್ನೂ 1947ನ್ನೂ ಸೂಚಿಸಬಲ್ಲುದು. ಮೇಲಾಗಿ ಅದು ಹೇಳುವುದು ಫಿಲ್ಮು ತಯಾರಾದ ವರ್ಷವನ್ನು, ಚಿತ್ರ ತೆಗೆದ ವರ್ಷವನ್ನಲ್ಲ.

ಶಾಸನಕ್ಕೆ ಲಿಪಿಯ ರೂಪ ಮತ್ತು ಅರಸನ ಹೆಸರು ನೆರವಾಗುವಂತೆ ಇಲ್ಲಿ ಒಳಗಿನ ಸಾಕ್ಷ್ಯಗಳು ನೆರವಿಗೆ ಬರುತ್ತವೆ. ರಸ್ತೆಯಲ್ಲಿ ನಿಂತ ಕಾರುಗಳ ಮಾದರಿ, ಅವುಗಳ ನೋಂದಣಿ ಫಲಕದ ಮೇಲಿನ ವರ್ಷ, ಚಿತ್ರಮಂದಿರದ ಮುಂದೆ ತೂಗುಹಾಕಿದ ಸಿನಿಮಾದ ಹೆಸರು, ಅರ್ಧ ಎದ್ದ ಸೇತುವೆಯ ಗೋಪುರ ಇವುಗಳಲ್ಲಿ ಯಾವುದೊಂದು ಸ್ಪಷ್ಟವಾದರೂ ಕಾಲ ಹಿಡಿಗೆ ಸಿಗುತ್ತದೆ. ಗೋಲ್ಡನ್ ಗೇಟಿನ ಗೋಪುರಗಳಿದ್ದು ರಸ್ತೆಯ ಹಾಸು ಇಲ್ಲದಿದ್ದರೆ ಚಿತ್ರ 1937ರಲ್ಲಿ ಸೇತುವೆ ತೆರೆಯುವುದಕ್ಕೆ ಹಿಂದಿನದು ಎಂಬುದರಲ್ಲಿ ಸಂಶಯವಿಲ್ಲ.

ಹೆಸರಿಡುವವರು

ಕಾಲ ತಿಳಿದ ಮಾತ್ರಕ್ಕೆ ಚಿತ್ರ ಚರಿತ್ರೆಯಾಗುವುದಿಲ್ಲ. ಅಲ್ಲಿ ಕಾಣುವ ಮನೆ ಯಾರದು, ಆ ಮೂಲೆಯ ಅಂಗಡಿಯಲ್ಲಿ ಏನು ಮಾರುತ್ತಿದ್ದರು, ಆ ಮೆರವಣಿಗೆ ಯಾವುದು ಎಂಬುದನ್ನು ಹೇಳಬೇಕಾದವರು ಅಲ್ಲಿ ಬದುಕಿದವರು. ಪ್ರೆಲಿಂಗರ್ ಅವರ ಪ್ರದರ್ಶನದ ವೈಶಿಷ್ಟ್ಯ ಇರುವುದು ಇಲ್ಲಿಯೇ. ಚಿತ್ರಗಳು ಬಹುಪಾಲು ಮೂಕಚಿತ್ರಗಳು. ಪ್ರೇಕ್ಷಕರು ಸುಮ್ಮನೆ ಕುಳಿತು ನೋಡಬಾರದು. ಕಂಡ ಜಾಗದ ಹೆಸರನ್ನು ಕೂಗಿ ಹೇಳಬೇಕು, ಪ್ರಶ್ನೆ ಕೇಳಬೇಕು, ಪರಸ್ಪರ ತಿದ್ದಬೇಕು. ಸಭಾಂಗಣವೇ ಚಿತ್ರದ ಧ್ವನಿಯಾಗುತ್ತದೆ. ಜಾನಪದ ಕ್ಷೇತ್ರಕಾರ್ಯದ ಪರಿಭಾಷೆಯಲ್ಲಿ ಹೇಳುವುದಾದರೆ ಪ್ರೇಕ್ಷಕರೇ ಇಲ್ಲಿ ವಕ್ತೃಗಳು. ಒಬ್ಬರ ನೆನಪಿಗೂ ಮತ್ತೊಬ್ಬರ ನೆನಪಿಗೂ ವ್ಯತ್ಯಾಸ ಬಂದಾಗ ಪಾಠಾಂತರಗಳನ್ನು ತೂಗಿ ನೋಡುವ ಕೆಲಸವೂ ಇದ್ದೇ ಇದೆ.

ಹೆಸರಿಡುವ ಈ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಬಹು ದೂರದ ಒಂದು ಪಟ್ಟಣದ ಚಿತ್ರ ತೋರಿಸಿಕೊಟ್ಟಿತು. ಪೋಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಡೇವಿಡ್ ಕರ್ಟ್ಜ್ ಎಂಬವರು 1938ರ ಯೂರೋಪು ಪ್ರವಾಸದಲ್ಲಿ ತಮ್ಮ ಹುಟ್ಟೂರಾದ ನಾಶೆಲ್ಸ್ಕ್ ಪಟ್ಟಣವನ್ನು ಸುಮಾರು 3 ನಿಮಿಷ ಚಿತ್ರೀಕರಿಸಿದ್ದರು. ಕ್ಯಾಮೆರಾದ ಮುಂದೆ ನುಗ್ಗಾಡುವ ಮಕ್ಕಳು, ಪ್ರಾರ್ಥನಾಮಂದಿರದಿಂದ ಹೊರಬರುವ ಜನ, ಒಂದು ಕಿರಾಣಿ ಅಂಗಡಿ, ಇಷ್ಟೇ ಅದರಲ್ಲಿರುವುದು. ಮರುವರ್ಷವೇ ಯುದ್ಧ ಬಂದಿತು. ಅಲ್ಲಿದ್ದ ಸುಮಾರು 3,000 ಯಹೂದಿಗಳಲ್ಲಿ ಉಳಿದವರು ನೂರಕ್ಕೂ ಕಡಿಮೆ. 2009ರಲ್ಲಿ ಮೊಮ್ಮಗ ಗ್ಲೆನ್ ಕರ್ಟ್ಜ್ ಮನೆಯ ಕಪಾಟಿನಲ್ಲಿ ಈ ಸುರುಳಿಯನ್ನು ಕಂಡು ಅಮೆರಿಕದ ಹಾಲೊಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಚಿತ್ರವನ್ನು ನೋಡಿದ ಮಹಿಳೆಯೊಬ್ಬರು ಗುಂಪಿನಲ್ಲಿದ್ದ ಹದಿಮೂರರ ಹುಡುಗ ತಮ್ಮ ಅಜ್ಜನೆಂದು ಗುರುತಿಸಿದರು. ಆ ಅಜ್ಜ ಜೀವಂತವಾಗಿದ್ದರು. ಅವರ ನೆನಪಿನಿಂದ ಇತರ ಕೆಲವು ಮುಖಗಳಿಗೆ ಹೆಸರು ದೊರೆಯಿತು. ಅಂಗಡಿಯ ಮಸುಕಾದ ಫಲಕವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಓದುವ ಪ್ರಯತ್ನ ನಡೆಯಿತು. ಗ್ಲೆನ್ ಕರ್ಟ್ಜ್ 2014ರಲ್ಲಿ ಈ ಹುಡುಕಾಟವನ್ನು ಪುಸ್ತಕವಾಗಿಸಿದರು. ಆ ಸುರುಳಿ ಕೆಲವು ವರ್ಷ ತಡವಾಗಿ ಸಿಕ್ಕಿದ್ದರೆ ಚಿತ್ರವೇನೋ ಉಳಿಯುತ್ತಿತ್ತು; ಹೆಸರು ಹೇಳುವವರು ಇರುತ್ತಿರಲಿಲ್ಲ.

ಚೌಕಟ್ಟಿನ ಹೊರಗೆ

ಯಾವ ಆಕರವನ್ನೂ ಅದರ ಮಿತಿಯನ್ನರಿಯದೆ ಬಳಸಬಾರದು. ಮನೆಚಿತ್ರದ ಮೊದಲ ಮಿತಿ ಕ್ಯಾಮೆರಾ ಯಾರ ಕೈಯಲ್ಲಿತ್ತು ಎಂಬುದು. ದಶಕಗಳ ಕಾಲ ಅದು ಅನುಕೂಲಸ್ಥರ ಕೈಯಲ್ಲಿತ್ತು. ಎರಡನೆಯ ಮಿತಿ ಏನನ್ನು ತೆಗೆಯುತ್ತಿದ್ದರು ಎಂಬುದು. ಹಬ್ಬ, ಮದುವೆ, ಪ್ರವಾಸಗಳನ್ನು ತೆಗೆದರು. ಜಗಳ, ಕಾಯಿಲೆ, ಸಾಲ, ಬೆಳಗಿನಿಂದ ಸಂಜೆಯ ವರೆಗಿನ ದುಡಿಮೆಗಳನ್ನು ತೆಗೆಯಲಿಲ್ಲ. ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ ಇಂಗ್ಲಿಷ್ ಕುಟುಂಬಗಳು ತೆಗೆದ ಮನೆಚಿತ್ರಗಳ ಸಂಗ್ರಹವೊಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿದೆ. ಇಂಥ ಚಿತ್ರಗಳಲ್ಲಿ ಮಗುವಿಗೆ ಹೆಸರಿರುತ್ತದೆ. ಮಗುವನ್ನು ಎತ್ತಿಕೊಂಡ ಆಯಾಳಿಗೆ ಹೆಸರಿರುವುದು ಅಪರೂಪ.

ಕೆಲವೊಮ್ಮೆ ಕಾಣದಿರುವುದೇ ಸಾಕ್ಷ್ಯವಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಜಪಾನಿ ಕೇರಿಯ ವ್ಯಾಪಾರಿ ಡೇವ್ ತತ್ಸುನೊ ಹವ್ಯಾಸಿ ಚಿತ್ರಗ್ರಾಹಕರು. 1942ರಲ್ಲಿ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಶಿಬಿರಗಳಿಗೆ ಅಟ್ಟಿದಾಗ ಅವರ ಕುಟುಂಬವನ್ನು ಯೂಟಾ ಮರುಭೂಮಿಯ ಟೋಪಾಜ್ ಶಿಬಿರದಲ್ಲಿ ಇರಿಸಲಾಯಿತು. ಅಲ್ಲಿ ಕ್ಯಾಮೆರಾ ನಿಷಿದ್ಧ ವಸ್ತು. ಸಹೃದಯನಾದ ಒಬ್ಬ ಮೇಲಧಿಕಾರಿಯ ನೆರವಿನಿಂದ ತಮ್ಮ 8 ಎಂ.ಎಂ. ಕ್ಯಾಮೆರಾವನ್ನು ಒಳಗೆ ತರಿಸಿಕೊಂಡ ತತ್ಸುನೊ ಶಿಬಿರದ ಬದುಕನ್ನು ಬಣ್ಣದಲ್ಲಿ ಹಿಡಿದರು. ಹಿಮದಲ್ಲಿ ಜಾರುವ ಮಕ್ಕಳು, ಹೊಸ ವರ್ಷಕ್ಕೆ ಅಕ್ಕಿಯನ್ನು ಕುಟ್ಟುವ ಜನ, ಧೂಳಿನ ಓಣಿಗಳು ಅದರಲ್ಲಿವೆ. ಕಾವಲಿನವರ ಕಣ್ಣು ತಪ್ಪಿಸಿ ತೆಗೆದ ಚಿತ್ರದಲ್ಲಿ ಕಾವಲನ್ನೇ ತೋರಿಸುವಂತಿರಲಿಲ್ಲ. ನಗುವ ಮುಖಗಳನ್ನಷ್ಟೇ ನೋಡಿದವರಿಗೆ ಅದು ವಿಹಾರಶಿಬಿರದಂತೆ ಕಂಡೀತು. ಹಿನ್ನೆಲೆ ಬಲ್ಲವರಿಗೆ ಮಾತ್ರ ಅದರ ಮೌನ ಕೇಳಿಸುತ್ತದೆ. 1996ರಲ್ಲಿ ಈ ಮನೆಚಿತ್ರವನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿಸಲಾಯಿತು. ಇತ್ತ ಅವರು ಬಿಟ್ಟುಹೋದ ಕೇರಿಗೆ ಯುದ್ಧಕಾಲದ ಕೆಲಸವನ್ನರಸಿ ಬಂದ ಕಪ್ಪು ಜನರು ನೆಲಸಿದರು. ಯುದ್ಧಾನಂತರ ಪುನರಭಿವೃದ್ಧಿಯ ಹೆಸರಿನಲ್ಲಿ ಆ ಪ್ರದೇಶದ ಬೀದಿಬೀದಿಗಳನ್ನೇ ಕೆಡವಲಾಯಿತು. ಎರಡು ಸಮುದಾಯಗಳು ಕಳೆದುಕೊಂಡ ಆ ನೆಲದಲ್ಲಿ ಬದುಕು ಹೇಗಿತ್ತೆಂಬುದಕ್ಕೆ ಕುಟುಂಬಗಳ ಬಳಿ ಉಳಿದ ಚಿತ್ರಗಳೂ ನೆನಪುಗಳೂ ಈಗ ಅಮೂಲ್ಯ ಸಾಕ್ಷಿ.

ಗಡಿನಾಡಿನ ಪೆಟ್ಟಿಗೆಗಳು

ಕರ್ನಾಟಕದ ಗಡಿಯಾಚೆಗಿನ ಕನ್ನಡ ಊರುಗಳಲ್ಲಿ 8 ಎಂ.ಎಂ. ಸುರುಳಿಗಳು ವಿರಳ. ಆದರೆ 1980 ಮತ್ತು 1990ರ ದಶಕಗಳ ಮದುವೆ, ಉಪನಯನ, ಜಾತ್ರೆ, ಶಾಲಾ ವಾರ್ಷಿಕೋತ್ಸವಗಳ ವಿಡಿಯೋ ಕ್ಯಾಸೆಟ್ಟುಗಳು ಮನೆಮನೆಯ ಪೆಟ್ಟಿಗೆಗಳಲ್ಲಿವೆ. ಬಾಡಿಗೆಯ ಚಿತ್ರಗ್ರಾಹಕ ತೆಗೆದಿದ್ದರೂ ಅವು ಮನೆಯವರಿಗಾಗಿ ತೆಗೆದವು. ಆದ್ದರಿಂದ ಮನೆಚಿತ್ರದ ಗುಣವೆಲ್ಲ ಅವುಗಳಲ್ಲೂ ಇದೆ. ದಿಬ್ಬಣ ಬೀದಿಯಲ್ಲಿ ಸಾಗುವಾಗ ಹಿಂದೆ ಕಾಣುವ ಅಂಗಡಿಯ ಫಲಕ ಯಾವ ಲಿಪಿಯಲ್ಲಿತ್ತು? ಮಂಟಪದ ಮೇಲೆ ವಧೂವರರ ಹೆಸರನ್ನು ಯಾವ ಅಕ್ಷರದಲ್ಲಿ ಬರೆಸಿದ್ದರು? ಶಾಲೆಯ ವೇದಿಕೆಯ ಮೇಲೆ ಮಕ್ಕಳು ಯಾವ ಭಾಷೆಯಲ್ಲಿ ನಾಟಕವಾಡಿದರು? ಕಾಸರಗೋಡು, ಸೊಲ್ಲಾಪುರ, ಆದವಾನಿ, ತಾಳವಾಡಿಗಳಂಥ ಊರುಗಳಲ್ಲಿ ಇವು ಕುತೂಹಲದ ಪ್ರಶ್ನೆಗಳಷ್ಟೇ ಅಲ್ಲ. ಒಂದು ಭಾಷೆ ಬೀದಿಯಲ್ಲಿ ಎಷ್ಟು ಕಾಲ ಕಣ್ಣಿಗೆ ಬೀಳುತ್ತಿತ್ತು, ಯಾವಾಗ ಮನೆಯೊಳಕ್ಕೆ ಸರಿಯಿತು ಎಂಬುದನ್ನು ಜನಗಣತಿಯ ಅಂಕಿಗಳು ಹೇಳಲಾರವು. ಮದುವೆಯ ಕ್ಯಾಸೆಟ್ಟು ಹೇಳಬಹುದು.

ಹಳೆಯ ಸುರುಳಿಗಳಿಗೆ ಇಲ್ಲದ ಒಂದು ಸಂಪತ್ತು ಈ ಕ್ಯಾಸೆಟ್ಟುಗಳಿಗಿದೆ. ಅದು ಧ್ವನಿ. ಹಿರಿಯರು ಬೀಗರೊಡನೆ ಆಡಿದ ಮಾತು, ಹೆಂಗಸರ ಸೋಬಾನೆ, ಊಟದ ಪಂಕ್ತಿಯ ಉಪಚಾರ ಇವೆಲ್ಲ ಆಯಾ ಪ್ರದೇಶದ ಉಪಭಾಷೆಯಲ್ಲಿ ಸಹಜವಾಗಿ ದಾಖಲಾಗಿವೆ. ಪ್ರಶ್ನಾವಳಿ ಹಿಡಿದು ಬಂದ ಸಂಶೋಧಕನ ಮುಂದೆ ಜನ ಹೀಗೆ ಮಾತಾಡುವುದಿಲ್ಲ. ಸ್ಟುಡಿಯೋದವರು ಚಿತ್ರಗೀತೆಗಳನ್ನು ಮೇಲೆ ಕೂಡಿಸಿದ ಕಡೆ ಈ ಮಾತು ಅಳಿಸಿಹೋಗಿರುತ್ತದೆ. ಆದ್ದರಿಂದ ಅಂದಗೊಳಿಸಿದ ಪ್ರತಿಗಿಂತ ಕತ್ತರಿಸದ, ಹಾಡು ಸೇರಿಸದ ಮೂಲ ಟೇಪು ಅಧ್ಯಯನಕ್ಕೆ ಹೆಚ್ಚು ಉಪಯುಕ್ತ.

ಈ ಆಕರದ ಆಯುಸ್ಸು ದೀರ್ಘವಲ್ಲ. ಅಸಿಟೇಟ್ ಫಿಲ್ಮು ಸೆಕೆ ಮತ್ತು ತೇವಕ್ಕೆ ಸಿಕ್ಕಿ ಹುಳಿಯ ವಾಸನೆ ಹೊರಡಿಸುತ್ತ ಸುರುಟಿಕೊಳ್ಳುತ್ತದೆ. ಕ್ಯಾಸೆಟ್ಟಿನ ಕಾಂತಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಅದರ ಲೇಪ ಉದುರುತ್ತದೆ. ಕ್ಯಾಸೆಟ್ಟು ಚೆನ್ನಾಗಿದ್ದರೂ ಅದನ್ನು ಓಡಿಸುವ ಯಂತ್ರ ಸಿಗುವುದು ಕಷ್ಟ, ವಿ.ಎಚ್.ಎಸ್. ಯಂತ್ರಗಳನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಡಿಜಿಟಲ್ ರೂಪಕ್ಕೆ ಇಳಿಸಿಕೊಳ್ಳುವುದು ಅಗತ್ಯ. ಇಳಿಸಿದ ಮೇಲೂ ಮೂಲವನ್ನು ಎಸೆಯಬಾರದು. ಮನೆಯವರ ಒಪ್ಪಿಗೆಯಿಲ್ಲದೆ ಚಿತ್ರವನ್ನು ಹೊರಗೆ ತೋರಿಸಬಾರದು ಎಂಬುದೂ ಅಷ್ಟೇ ಮುಖ್ಯ. ಅದು ಮೊದಲು ಒಂದು ಸಂಸಾರದ ಸ್ವತ್ತು, ಆಮೇಲೆ ಊರಿನ ದಾಖಲೆ.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸಕ್ಕೆ ಯಂತ್ರಕ್ಕಿಂತ ಹೆಚ್ಚಾಗಿ ಜನ ಬೇಕು. ಇಳಿಸಿಕೊಂಡ ಚಿತ್ರವನ್ನು ಮನೆಯ ಹಿರಿಯರ ಮುಂದೆ ಓಡಿಸಿ, ಬೇಕಾದಲ್ಲಿ ನಿಲ್ಲಿಸಿ, ಅವರು ಹೇಳಿದ ಹೆಸರು, ಜಾಗ, ಸಂಬಂಧ, ಸಂದರ್ಭಗಳನ್ನು ನಿಮಿಷ ಸೆಕೆಂಡುಗಳ ಸಮೇತ ಬರೆದುಕೊಳ್ಳಬೇಕು. ಹೇಳಿದವರ ಹೆಸರನ್ನೂ ದಿನಾಂಕವನ್ನೂ ಗುರುತಿಸಬೇಕು. ಶಾಸನದ ಪಾಠವನ್ನೂ ಜನಪದ ಗೀತೆಯ ಪಾಠವನ್ನೂ ಸಂಗ್ರಹಿಸಲು ಕಲಿತ ಕನ್ನಡ ವಿದ್ಯಾರ್ಥಿಗೆ ಈ ವಿಧಾನ ಹೊಸದಲ್ಲ. ಟೇಪು ಇನ್ನೂ ಕೆಲವು ವರ್ಷ ತಾಳೀತು. ‘ಇದು ನಮ್ಮ ಹಳೆಯ ಪೇಟೆ, ಈ ಅಂಗಡಿ ಇಂಥವರದು’ ಎಂದು ಬೆರಳಿಟ್ಟು ತೋರಿಸುವ ಅಜ್ಜಿ ಅಷ್ಟು ಕಾಲ ಕಾಯುವರೆಂಬ ಭರವಸೆಯಿಲ್ಲ.